ಬಾಡಿಗೆ ಮನೆಯ ಲೆಕ್ಕದ ವಹಿ: ಉಳಿತಾಯಕ್ಕೂ ವ್ಯಸನದ ಸುಳಿವಿಗೂ

ಬಾಡಿಗೆ ಮನೆಯಲ್ಲಿರುವ ಕುಟುಂಬದ ಖರ್ಚುಗಳಲ್ಲಿ ಸುಲಭವಾಗಿ ಮುಂದೂಡಲಾಗದ್ದು ಬಾಡಿಗೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ನಡೆಯುತ್ತದೆ, ಹಬ್ಬದ ಬಟ್ಟೆಯನ್ನು ಮುಂದಿನ ವರ್ಷಕ್ಕೆ ತಳ್ಳಬಹುದು. ಮನೆ ಮಾಲೀಕರು ಮಾತ್ರ ಗೊತ್ತುಪಡಿಸಿದ ತಾರೀಖಿಗೆ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಮನೆಯ ಹಣ ಎಲ್ಲಿಯೋ ಸೋರುತ್ತಿದ್ದರೆ ಅದು ಮೊದಲು ತಿಳಿಯುವುದು ಬಾಡಿಗೆ ತಪ್ಪಿದಾಗ. ಸೋರಿಕೆಗೆ ಕೆಟ್ಟ ಕರಾರು ಕಾರಣವಿರಬಹುದು, ಕೈಗಡದ ಬಡ್ಡಿ ಇರಬಹುದು, ಮನೆಯಲ್ಲೊಬ್ಬರಿಗೆ ಅಂಟಿದ ಚಟವೂ ಇರಬಹುದು. ದಿನದ ಜಮಾ-ಖರ್ಚು ಬರೆದಿಡುವ ಒಂದು ವಹಿ ಇದ್ದರೆ ಮೂರನ್ನೂ ಹಿಡಿಯಬಹುದು.

ಬಾಗಲಕೋಟೆ ಜಿಲ್ಲೆಯಲ್ಲಿ ಊರಿಗೊಂದು ಬಗೆಯ ಆದಾಯ. ಉಪವಿಭಾಗದ ಕೇಂದ್ರವಾದ ಜಮಖಂಡಿಯಲ್ಲಿ ಬಾಡಿಗೆಗಿರುವವರಲ್ಲಿ ತಿಂಗಳ ಪಗಾರದ ನೌಕರರು ಮತ್ತು ಕಾಲೇಜು ವಿದ್ಯಾರ್ಥಿಗಳು ಹೆಚ್ಚು. ಮುಧೋಳದಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಕೈತುಂಬ ಕೆಲಸ, ಉಳಿದಂತೆ ಬಿಗಿ. ರಬಕವಿ-ಬನಹಟ್ಟಿಯ ನೇಕಾರರಲ್ಲಿ ಅನೇಕರಿಗೆ ಮಜೂರಿ ಬರುವುದು ವಾರದ ಲೆಕ್ಕದಲ್ಲಿ. ಎಷ್ಟೋ ಕಡೆ ಮನೆ, ಮಗ್ಗ ಒಂದೇ ಸೂರಿನಡಿ. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿಗೆ ಜಮೀನು ಕೊಟ್ಟವರ ಕೈಗೆ ಪರಿಹಾರ ಇಡಿಗಂಟಾಗಿ ಬರುತ್ತದೆ. ಎಲ್ಲರಿಗೂ ಒಂದೇ ಉಳಿತಾಯದ ಸೂತ್ರ ಹೊಂದುವುದಿಲ್ಲ.

ಮನೆ ಹಿಡಿಯುವ ಮೊದಲು

ಬಾಡಿಗೆಯನ್ನಷ್ಟೇ ನೋಡಿ ಮನೆ ಆರಿಸುವುದು ಸಾಮಾನ್ಯ ತಪ್ಪು, ಡಿಪಾಜಿಟ್ಟಿಗೂ ಬೆಲೆಯಿದೆ. ಒಂದು ಮನೆಗೆ ತಿಂಗಳಿಗೆ 4,000 ರೂಪಾಯಿ ಬಾಡಿಗೆ, 40,000 ಡಿಪಾಜಿಟ್. ಇನ್ನೊಂದಕ್ಕೆ 4,200 ಬಾಡಿಗೆ, 10,000 ಡಿಪಾಜಿಟ್ ಎಂದಿಟ್ಟುಕೊಳ್ಳೋಣ. ಡಿಪಾಜಿಟ್ಟಿನ ವ್ಯತ್ಯಾಸ 30,000 ರೂಪಾಯಿ. ಅದು ಸ್ವಂತ ಹಣವಾಗಿದ್ದು ಬ್ಯಾಂಕಿನಲ್ಲಿ ವರ್ಷಕ್ಕೆ ಶೇ 7ರಂತೆ ದುಡಿಯುವಂತಿದ್ದರೆ ತಪ್ಪಿಹೋಗುವ ಬಡ್ಡಿ ತಿಂಗಳಿಗೆ 175 ರೂಪಾಯಿ, ಅಂದರೆ ಮೊದಲ ಮನೆಯೇ ತುಸು ಅಗ್ಗ. ಅದೇ ಹಣವನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದರೆ ಬಡ್ಡಿಯೇ 900 ರೂಪಾಯಿ. ಆಗ ಎರಡನೆಯ ಮನೆಯೇ ಲೇಸು.

ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ‘ಲೀಸ್’ ಪದ್ಧತಿ ಆಕರ್ಷಕವಾಗಿ ಕಾಣುತ್ತದೆ. ಆದರೆ ಮನೆ ಬ್ಯಾಂಕಿಗೆ ಅಡವಿದ್ದು ಹರಾಜಿಗೆ ಬಂದರೆ ಮನೆಯೂ ಗಂಟೂ ಎರಡೂ ಸಿಕ್ಕಿಕೊಳ್ಳುತ್ತವೆ. ಹಣ ಕೊಡುವ ಮುನ್ನ ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು 1908ರ ನೋಂದಣಿ ಕಾಯ್ದೆಯಂತೆ ನೋಂದಣಿಯಾಗಲೇಬೇಕು. ಹನ್ನೊಂದು ತಿಂಗಳ ಕರಾರು ಎಲ್ಲೆಡೆ ರೂಢಿಗೆ ಬಂದದ್ದು ಇದನ್ನು ತಪ್ಪಿಸಲೆಂದೇ. ಕರಾರಿನಲ್ಲಿ ಬಾಡಿಗೆ ಏರಿಕೆಯ ಪ್ರಮಾಣ, ಸುಣ್ಣ-ಬಣ್ಣದ ಖರ್ಚು ಯಾರದು, ಡಿಪಾಜಿಟ್ ಎಷ್ಟು ದಿನದಲ್ಲಿ ವಾಪಸ್, ನೋಟಿಸಿನ ಅವಧಿ ಎಷ್ಟು ಎಂಬ ನಾಲ್ಕು ಬಾಬತ್ತುಗಳು ಇರಲೇಬೇಕು. ಬಾಡಿಗೆಯನ್ನು ಖಾತೆಗೆ ಹಾಕುವುದು, ಇಲ್ಲವೇ ಪಾವತಿ (ರಸೀದಿ) ಪಡೆಯುವುದು ಕ್ಷೇಮ. ಇದರ ಇನ್ನೊಂದು ಉಪಯೋಗ ಮುಂದೆ ಬರಲಿದೆ.

ಕರೆಂಟು ಮತ್ತು ಮೀಟರು

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಆಧಾರ್ ಸಂಖ್ಯೆಯನ್ನು ಮನೆಯ ಮೀಟರಿನ ಆರ್.ಆರ್. ಸಂಖ್ಯೆಗೆ ಜೋಡಿಸಬೇಕು. ಹಿಂದಿನ ಮನೆಗೆ ಜೋಡಣೆಯಾಗಿದ್ದರೆ ಮೊದಲು ಅದನ್ನು ಬಿಡಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಒಂದೇ ಮೀಟರಿನಲ್ಲಿ ಮೂರು ಸಂಸಾರಗಳಿದ್ದರೆ ಈ ಮಿತಿ ಬೇಗ ದಾಟುವುದರಿಂದ ಪ್ರತ್ಯೇಕ ಮೀಟರ್ ಇರುವ ಮನೆ ನೂರಿನ್ನೂರು ರೂಪಾಯಿ ಹೆಚ್ಚಾದರೂ ನಷ್ಟವಲ್ಲ. ಯೋಜನೆ ಗೃಹಬಳಕೆಗೆ ಮಾತ್ರ; ಮಗ್ಗದ ಮೀಟರಿನ ರಿಯಾಯಿತಿ ಬೇರೆ.

ಹಣ ತೆಗೆದಿಡುವ ಬಗೆ

ವಾರದ ಮಜೂರಿಯವರಿಗೆ ಒಂದು ಸರಳ ಉಪಾಯವಿದೆ. ಬಾಡಿಗೆ 4,000 ಇದ್ದರೆ ಪ್ರತಿ ವಾರ ಮಜೂರಿ ಕೈಗೆ ಬಂದ ದಿನವೇ 1,000 ತೆಗೆದಿಡಬೇಕು. ವರ್ಷಕ್ಕೆ 52 ವಾರ, 52,000 ರೂಪಾಯಿ. ಬಾಡಿಗೆಗೆ ಹೋಗುವುದು 48,000. ಗೊತ್ತಾಗದಂತೆ ಒಂದು ತಿಂಗಳ ಬಾಡಿಗೆ ಉಳಿದಿರುತ್ತದೆ. ಹಂಗಾಮಿನ ಕೆಲಸದವರು ಕಾರ್ಖಾನೆ ನಡೆಯುವಾಗಲೇ ಬೇಸಿಗೆ, ಮಳೆಗಾಲದ ಬಾಡಿಗೆಯನ್ನು ಬೇರೆ ಖಾತೆಗೆ ಸರಿಸಿಬಿಡುವುದು ಒಳ್ಳೆಯದು.

ದಿನಕ್ಕೆ ಹತ್ತಿಪ್ಪತ್ತು ರೂಪಾಯಿ ಕಟ್ಟಲು ಪಿಗ್ಮಿ ಇದೆ. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಅವರ ಬ್ಯಾಂಕು ಶುರುಮಾಡಿದ ಈ ಪದ್ಧತಿ ಇಂದು ಉತ್ತರ ಕರ್ನಾಟಕದ ಸಹಕಾರಿಗಳ ಜೀವಾಳ. ಏಜೆಂಟರು ಹಣ ಪಡೆದ ಕೂಡಲೇ ನಮೂದು ಆಗಿದೆಯೇ ಎಂದು ನೋಡಬೇಕು. ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ: 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆಯೇ ಹೊರತು ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗಲ್ಲ. ಅಂಥಲ್ಲಿ ಸಣ್ಣ ಪಿಗ್ಮಿ ಇರಲಿ. ದೊಡ್ಡ ಗಂಟನ್ನು ಬ್ಯಾಂಕಿಗೋ ಅಂಚೆ ಕಚೇರಿಗೋ ಸಾಗಿಸಬೇಕು. ಅಂಚೆಯ ಐದು ವರ್ಷದ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ. ಓಣಿಯ ಭಿಶಿ (ಚೀಟಿ) ನಡೆಯುವುದು ಬರೀ ನಂಬಿಕೆಯ ಮೇಲೆ. ಬಾಡಿಗೆಯ ಹಣವನ್ನು ಅದಕ್ಕೆ ಹಾಕಬಾರದು.

ವಹಿಯಲ್ಲಿ ಚಟದ ಗುರುತು

ಚಟ ಮೈಮೇಲೆ ಕಾಣುವುದಕ್ಕೆ ಮೊದಲೇ ಎಷ್ಟೋ ಸಲ ಲೆಕ್ಕದಲ್ಲಿ ಕಾಣುತ್ತದೆ. ಬಾಡಿಗೆ ಕೊಟ್ಟು ಬರಲು ಮಗನ ಕೈಗೆ ಹಣ ಹೋಗಿದೆ, ಮಾಲೀಕರು ಮುಟ್ಟಿಲ್ಲ ಎನ್ನುತ್ತಾರೆ. ಪಿಗ್ಮಿ ಅವಧಿಗೆ ಮೊದಲೇ ಮುರಿದಿದೆ. ಮಜೂರಿಯ ಮೇಲೆ ಮುಂಗಡ ಬೆಳೆಯುತ್ತಿದೆ. ಮೊಬೈಲಿನಿಂದ ಗುರುತಿಲ್ಲದ ಒಂದೇ ಸಂಖ್ಯೆಗೆ ಐವತ್ತು, ನೂರು, ಇನ್ನೂರು ಹೋಗುತ್ತಲೇ ಇದೆ. ಹಿತ್ತಾಳೆ ಕೊಡ, ಖಾಲಿ ಸಿಲಿಂಡರ್ ಕಾಣೆಯಾಗಿವೆ. ಬಾಡಿಗೆ ನೇರ ಖಾತೆಗೆ ಹೋಗುವ ಮನೆಯಲ್ಲಿ ಮೊದಲನೆಯದಕ್ಕೆ ಆಸ್ಪದವೇ ಇಲ್ಲ. ಆದರೂ ಹಣ ಕಾಣೆಯಾದದ್ದೆಲ್ಲ ಚಟವಲ್ಲ. ಆನ್‌ಲೈನ್ ಜೂಜು, ಓಸಿ (ಮಟ್ಕಾ), ಆ್ಯಪ್ ಸಾಲ, ಹೇಳಿಕೊಳ್ಳಲಾಗದ ಯಾವುದೋ ಬೆದರಿಕೆಯೂ ಇರಬಹುದು.

ಮೈಯ ಲಕ್ಷಣಗಳು ಪದಾರ್ಥಕ್ಕೆ ತಕ್ಕಂತೆ ಬದಲಾಗುತ್ತವೆ. ಗಾಂಜಾ ಸೇದಿದಾಗ ಕಣ್ಣು ಕೆಂಪು, ಬಾಯಿ ಒಣಗುವುದು, ಹೊತ್ತಲ್ಲದ ಹೊತ್ತಿನ ಹಸಿವು, ಬಟ್ಟೆಗೆ ಸುಟ್ಟ ಸೊಪ್ಪಿನ ವಾಸನೆ. ಅಫೀಮಿನ ಜಾತಿಯ ನೋವಿನ ಮಾತ್ರೆ ಮತ್ತು ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನಿಂದ ಪಾಪೆ ಕಿರಿದಾಗಿ ತೂಕಡಿಕೆ, ಮಲಬದ್ಧತೆ. ಸಿಗದ ದಿನ ಆಕಳಿಕೆ, ಮೂಗು ಸೋರುವುದು, ಮೈಕೈ ನೋವು, ಭೇದಿ. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವ ಹುಡುಗರ ಬಾಯಿ-ಮೂಗಿನ ಸುತ್ತ ಗುಳ್ಳೆ, ಉಸಿರಿನಲ್ಲಿ ರಾಸಾಯನಿಕದ ವಾಸನೆ, ಬಟ್ಟೆ ಚೂರುಗಳು. ಸೆರೆ ಕುಡಿಯುವವರಿಗೆ ಬೆಳಿಗ್ಗೆ ಕೈ ನಡುಕ.

ಒಂದು ಲಕ್ಷಣ ಕಂಡೊಡನೆ ಹೆಸರಿಡಬಾರದು. ತೂಕ ಇಳಿಯುವುದು ಕ್ಷಯದಿಂದಲೂ ಸಕ್ಕರೆ ಕಾಯಿಲೆಯಿಂದಲೂ ಇರಬಹುದು. ನಿದ್ದೆಗೆಡುವುದು ಖಿನ್ನತೆಯಿಂದ ಇರಬಹುದು. ವೈದ್ಯರು ಆರು ಸಂಗತಿಗಳನ್ನು ನೋಡುತ್ತಾರೆ: ತಡೆಯಲಾಗದ ತಲಬು, ಪ್ರಮಾಣದ ಮೇಲೆ ಹಿಡಿತ ತಪ್ಪುವುದು, ಬಿಟ್ಟರೆ ಮೈ ಕಾಡುವುದು, ಅದೇ ಅಮಲಿಗೆ ಹೆಚ್ಚು ಹೆಚ್ಚು ಬೇಕಾಗುವುದು, ಉಳಿದ ಕೆಲಸ-ಆಸಕ್ತಿ ಬಿದ್ದುಹೋಗುವುದು, ಕೇಡು ಕಣ್ಣಿಗೆ ಕಂಡರೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ಕಾಯಿಲೆ. ಛಲ, ಸೋಮಾರಿತನ ಎಂದು ಬೈದರೆ ಬಗೆಹರಿಯುವುದಿಲ್ಲ.

ಮಾತು, ಕಾನೂನು, ಚಿಕಿತ್ಸೆ

ಅಮಲಿನಲ್ಲಿರುವಾಗ ಮಾತು ಎತ್ತಬಾರದು. ಮನೆಮಂದಿಯೆಲ್ಲ ಸುತ್ತುವರಿಯುವುದೂ ಬೇಡ. ಚಟಕ್ಕೆ ಬಿದ್ದವರು ಸಲಿಗೆಯಿಂದಿರುವ ಒಬ್ಬರು ಸಾಕು. ‘ತಮ್ಮಾ, ಎರಡು ತಿಂಗಳ ಭಾಡಗಿ ಮುಟ್ಟಿಲ್ಲಂತ. ಏನ್ ತ್ರಾಸ ಐತಿ, ಹೇಳು’ ಎಂದು ವಹಿಯಲ್ಲಿರುವ ಸಂಗತಿಯಿಂದ ಶುರುಮಾಡಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ರೂಮ್ ಹಂಚಿಕೊಂಡಿರುವ ವಿದ್ಯಾರ್ಥಿಗಳು, ನೌಕರರು ತಿಳಿದಿರಬೇಕಾದ ಮಾತೊಂದಿದೆ. 1985ರ ಮಾದಕವಸ್ತು ಕಾಯ್ದೆಯ 25ನೇ ಕಲಮಿನ ಪ್ರಕಾರ, ತಿಳಿದೂ ತಿಳಿದೂ ತನ್ನ ಮನೆ ಅಥವಾ ಕೋಣೆಯನ್ನು ಈ ಕಾಯ್ದೆಯಡಿಯ ಅಪರಾಧಕ್ಕೆ ಬಿಟ್ಟುಕೊಟ್ಟವರಿಗೂ ಅದೇ ಶಿಕ್ಷೆ. ಮಾಲೀಕರು, ಬಾಡಿಗೆದಾರರು ಎಂಬ ಭೇದವಿಲ್ಲ. ಅದೇ ಕಾಯ್ದೆಯ 64-ಎ ಕಲಮು ಇನ್ನೊಂದು ದಾರಿ ತೆರೆದಿದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆಯುಳ್ಳ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಆ ಆರೋಪದ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ನಡುವೆ ಬಿಟ್ಟುಬಂದರೆ ಅದನ್ನು ಹಿಂಪಡೆಯಬಹುದು.

ಚಿಕಿತ್ಸೆಗೆ ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಅಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ರೂಪುಗೊಂಡಿದೆ. ಈ ವಾರ ವೈದ್ಯರು ಬರುತ್ತಾರೆಯೇ ಎಂದು ಮೊದಲೇ ವಿಚಾರಿಸಿದರೆ ಬಸ್ ಚಾರ್ಜು ಉಳಿದೀತು. ಮುಂದಿನದು ಬಾಗಲಕೋಟೆ ಜಿಲ್ಲಾ ಆಸ್ಪತ್ರೆ, ಅದರಾಚೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಫೋನಿನಲ್ಲಿ ಸಲಹೆಗೆ ಟೆಲಿ-ಮನಸ್ 14416, ವ್ಯಸನಮುಕ್ತಿಗೆ 14446, ಮಾದಕವಸ್ತುವಿನ ಸಹಾಯವಾಣಿ 1933. ಎಬ್ಬಿಸಿದರೂ ಏಳದೆ ಉಸಿರು ನಿಧಾನವಾಗಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಸೆರೆಯ ಚಟಕ್ಕೆ ಈ ಜಿಲ್ಲೆಯಲ್ಲಿ ಮಠದ ಪರಂಪರೆಯೂ ಇದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದುಡ್ಡಿನ ಬದಲು ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಹಾಕುವ ಆ ಸಂಕಲ್ಪಕ್ಕೆ ಬಲವಿದೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್, ನಂತರ ಸನ್ನಿ ಬರಬಹುದು. ಬಿಡುವುದು ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ ಎಂಬ ಪುಡಿಗಳ ಜಾಹೀರಾತಿಗೆ ಮರುಳಾಗಬಾರದು. ಅವುಗಳಲ್ಲಿ ಡೈಸಲ್ಫಿರಾಂ ಇದ್ದರೆ ಸೆರೆಯ ಜೊತೆ ಸೇರಿ ಪ್ರಾಣಕ್ಕೇ ಕುತ್ತು.

ಆಸ್ಪತ್ರೆಯಿಂದ ಮರಳಿದ ಮೇಲೆ ಮೊದಲ ಕೆಲವು ತಿಂಗಳು ಚಟ ಮರುಕಳಿಸುವ ಭಯ ಹೆಚ್ಚು. ಈ ಅವಧಿಯಲ್ಲಿ ನಗದು ಚಿಕಿತ್ಸೆ ಪಡೆದವರ ಕೈಯಲ್ಲಿ ಕಡಿಮೆ ಓಡಾಡಲಿ. ಮಜೂರಿ ಖಾತೆಗೆ ಬೀಳುವಂತೆ ಮಗ್ಗದ ಮಾಲೀಕರನ್ನು ಕೇಳಿಕೊಳ್ಳಬಹುದು. ಚಿಕಿತ್ಸೆ ಪಡೆದವರ ಒಪ್ಪಿಗೆಯಿಂದಲೇ ಬಾಡಿಗೆ, ಪಿಗ್ಮಿ ತಾವಾಗಿ ಕಡಿತವಾಗುವಂತೆ ಮಾಡಬಹುದು. ಮರುಕಳಿಸಿದರೆ ಅದೇ ವಾರ ಅದೇ ವೈದ್ಯರಲ್ಲಿಗೆ ಹೋಗಬೇಕು. ಔಷಧದ ಪ್ರಮಾಣ ಬದಲಿಸಬೇಕಾಗಿ ಬರಬಹುದು.