ಹಲ್ಲು ಯಾವುದರಿಂದ ಆಗಿದೆ?

ಹೋದ ದಸರಾ ರಜೆಯಲ್ಲಿ ಪಾವಗಡದಿಂದ ನನ್ನ ಚಿಕ್ಕಮ್ಮನ ಮಗಳು ಬಂದಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ಅವಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ನಾನು "ಹಲ್ಲು ಉಜ್ಜಲ್ವೇನೇ ನೀನು?" ಅಂದುಬಿಟ್ಟೆ. ಆ ದಿನ ಅವಳು ಊಟಕ್ಕೂ ನಮ್ಮ ಜೊತೆ ಕೂರಲಿಲ್ಲ. ಆಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ತಪ್ಪು ನನ್ನದೇ ಎಂದು ತಿಳಿಯಿತು. ಹೇಗೆಂದು ಬರೆಯುತ್ತೇನೆ.

ಹಲ್ಲಿನ ಹೊರಪದರಕ್ಕೆ ಎನಾಮೆಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇಲ್ಲ, ಮೂಳೆಯೂ ಇಷ್ಟು ಗಟ್ಟಿಯಲ್ಲ. ಇದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಉಳಿದದ್ದು ನೀರು, ಸ್ವಲ್ಪ ಪ್ರೋಟೀನು. ಆ ಖನಿಜದ ಹೆಸರು ಹೈಡ್ರಾಕ್ಸಿ ಅಪಟೈಟ್ (ಬಾಯಿಪಾಠ ಮಾಡಲು ನನಗೆ ಎರಡು ದಿನ ಬೇಕಾಯಿತು!). 10 ಕ್ಯಾಲ್ಸಿಯಂ, 6 ಫಾಸ್ಫೇಟ್, 2 ಹೈಡ್ರಾಕ್ಸಿಲ್ ಸೇರಿ ಹರಳಾದದ್ದು. ಒಳಗಿನ ಡೆಂಟೀನ್‌ನಲ್ಲಿ ಖನಿಜ ಸುಮಾರು 70 ಪಾಲು ಮಾತ್ರ. ಅದರೊಳಗೆ ನರ, ರಕ್ತನಾಳ.

ನನ್ನ ತಮ್ಮನ ಹಾಲುಹಲ್ಲು ಬಿತ್ತು. ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೀಬೇಕು ಅಂದರು ಅಜ್ಜಿ. ನಾನು ಇಸ್ಕೊಂಡು ನಿಂಬೆರಸದಲ್ಲಿ ನಾಲ್ಕು ದಿನ ನೆನೆಹಾಕಿದೆ. ಹೊಳಪು ಹೋಗಿ ಸೀಮೆಸುಣ್ಣದಂತಾಯಿತು, ಗುಂಡುಸೂಜಿಯಿಂದ ಗೀರಿದರೆ ಪುಡಿ ಬಂತು. ಆಮ್ಲವು ಖನಿಜವನ್ನು ಕರಗಿಸಿತ್ತು. ನಾವು ಮಿಠಾಯಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಇಂಥದೇ ಆಮ್ಲ ಮಾಡುತ್ತವೆ. ಪಿ.ಎಚ್. ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗಲು ಶುರು. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಅದನ್ನು ಸ್ವಲ್ಪ ತುಂಬಿಕೊಡುತ್ತವೆ. ತೂತು ಬಿದ್ದ ಮೇಲೆ ಮಾತ್ರ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ, ಏಕೆಂದರೆ ಅದರಲ್ಲಿ ಜೀವಕೋಶವೇ ಇಲ್ಲ.

ಈಗ ಪಾವಗಡದ ವಿಷಯ. ಅಲ್ಲಿಯ ಕೊಳವೆಬಾವಿ ನೀರಿನಲ್ಲಿ ಬಂಡೆಯಿಂದ ಕರಗಿ ಬಂದ ಫ್ಲೋರೈಡ್ ಹೆಚ್ಚು. ಫ್ಲೋರೈಡ್ ಸ್ವಲ್ಪ ಇದ್ದರೆ ಒಳ್ಳೆಯದೇ, ಹೈಡ್ರಾಕ್ಸಿಲ್ ಜಾಗದಲ್ಲಿ ಕೂತು ಹರಳನ್ನು ಆಮ್ಲಕ್ಕೆ ಸುಲಭವಾಗಿ ಜಗ್ಗದಂತೆ ಮಾಡುತ್ತದೆ. ಪೇಸ್ಟಿಗೆ ಹಾಕುವುದು ಅದಕ್ಕೇ. ಆದರೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5 ತನಕ, ಎಂದು ನಮ್ಮ ದೇಶದ ಮಿತಿ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಎನಾಮೆಲ್ ಕೆಡುತ್ತದೆ. ಮೊದಲು ಬಿಳಿ ಮಚ್ಚೆ, ಹೆಚ್ಚಾದರೆ ಕಂದು ಬಣ್ಣ. ಇದಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ. ಭಾರತದಲ್ಲಿ ಇದನ್ನು 1937ರಲ್ಲೇ ನೆಲ್ಲೂರು ಕಡೆ ಗುರುತಿಸಿದ್ದರು. ಉಜ್ಜಿದರೆ ಹೋಗುವ ಕೊಳೆ ಅಲ್ಲ ಅದು. ನಮ್ಮ ಕಡೆ ಕಬಿನಿ ಹೊಳೆ ಇದೆ, ಅವಳ ಊರಲ್ಲಿ ಹೊಳೆ ಇಲ್ಲ, ಅಷ್ಟೇ ವ್ಯತ್ಯಾಸ.

ಇದನ್ನೆಲ್ಲ ಬರೆದು, ತಪ್ಪಾಯ್ತು ಎಂದು ಅವಳಿಗೆ ಕಾಗದ ಹಾಕಿದ್ದೆ. ಮೊನ್ನೆ ಉತ್ತರ ಬಂತು. ನನ್ನ ಮಾತಿನ ಬಗ್ಗೆ ಏನೂ ಬರೆದಿಲ್ಲ. "ಆ ನಿಂಬೆರಸದ ಹಲ್ಲು ಇಟ್ಟಿರು, ಬೇಸಿಗೆಗೆ ಬಂದಾಗ ನೋಡ್ಬೇಕು" ಅಂತ ಬರೆದಿದ್ದಾಳೆ. ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ನೋಡಬೇಕೆನ್ನುವವರು ನನ್ನ ಬೆಂಚಿನ ಹತ್ತಿರ ಬನ್ನಿ.