ಗುದನಾಳ ಜಾರಿದಾಗ: ತಪಾಸಣೆಯಿಂದ ಚೇತರಿಕೆಯವರೆಗೆ

ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳವು ಹಿಡಿತ ಸಡಿಲಗೊಂಡು ಗುದದ್ವಾರದಿಂದ ಹೊರಬರುವುದನ್ನು ಗುದಭ್ರಂಶ ಎನ್ನುತ್ತಾರೆ. ವಯಸ್ಕರ ಪೈಕಿ 50 ದಾಟಿದ ಮಹಿಳೆಯರಲ್ಲಿ ಇದು ಹೆಚ್ಚು. ಹಳೆಯ ಮಲಬದ್ಧತೆ, ತಿಣುಕುವ ಅಭ್ಯಾಸ, ಸೊಂಟದ ತಳದ ಸ್ನಾಯುಗಳ ದೌರ್ಬಲ್ಯ ಇದಕ್ಕೆ ದಾರಿ ಮಾಡಿಕೊಡುತ್ತವೆ. ಮಕ್ಕಳಲ್ಲಿ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ವಯಸ್ಕರಲ್ಲಿ ಪೂರ್ತಿ ಜಾರಿದ ಗುದನಾಳಕ್ಕೆ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರ.

1. ಮೂಲವ್ಯಾಧಿಯೇ ಎಂದು ನೋಡುವುದು
ಎಷ್ಟೋ ಮಂದಿ ಇದನ್ನು ಮೂಲವ್ಯಾಧಿ ಎಂದುಕೊಂಡು ಮುಲಾಮು ಹಚ್ಚುತ್ತಾ ವರ್ಷ ಕಳೆಯುತ್ತಾರೆ. ಜಾರಿದ ಗುದನಾಳದಲ್ಲಿ ಮಡಿಕೆಗಳು ಬಳೆ ಜೋಡಿಸಿದಂತೆ ಸುತ್ತಲೂ ಇರುತ್ತವೆ. ಮೂಲವ್ಯಾಧಿಯಲ್ಲಿ ಬೇರೆ ಬೇರೆ ಗಂಟುಗಳು ಕಾಣುತ್ತವೆ. ಮಲಗಿದಾಗ ನಾಳ ಒಳಸೇರಿರಬಹುದಾದ್ದರಿಂದ ರೋಗಿಯನ್ನು ಕಮೋಡಿನ ಮೇಲೆ ಕೂರಿಸಿ, ತಿಣುಕಲು ಹೇಳಿ ಪರೀಕ್ಷಿಸುವುದುಂಟು.

2. ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆ
ಕರುಳಿನಲ್ಲಿ ಗಡ್ಡೆ ಇಲ್ಲವೆಂದು ತಿಳಿಯಲು ಕೊಲೊನೊಸ್ಕೋಪಿ (ದೊಡ್ಡ ಕರುಳನ್ನು ಕ್ಯಾಮೆರಾ ಕೊಳವೆಯಿಂದ ನೋಡುವ ಪರೀಕ್ಷೆ), ಅಗತ್ಯವಿದ್ದರೆ ಗುದದ ಸ್ನಾಯುಗಳ ಬಲದ ಪರೀಕ್ಷೆ ನಡೆಯುತ್ತದೆ. ಅರಿವಳಿಕೆಯನ್ನು ತಾಳುವ ಶಕ್ತಿ ಹೃದಯ, ಶ್ವಾಸಕೋಶಗಳಿಗಿದೆಯೇ ಎಂದೂ ನೋಡುತ್ತಾರೆ.

3. ವಿಧಾನದ ಆಯ್ಕೆ
ಆರೋಗ್ಯವಂತರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೂಲಕ, ಹೆಚ್ಚಾಗಿ ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಿಂದ, ರೆಕ್ಟೊಪೆಕ್ಸಿ ಮಾಡುತ್ತಾರೆ. ಗುದನಾಳವನ್ನು ಮೇಲೆಳೆದು, ಬೆನ್ನೆಲುಬಿನ ಬುಡದ ತ್ರಿಕಾಸ್ಥಿಗೆ ಹೊಲಿಗೆ ಅಥವಾ ಮೆಶ್‌ನಿಂದ (ಬಲೆಯಂಥ ಪಟ್ಟಿ) ಬಿಗಿಯುತ್ತಾರೆ. ತೀವ್ರ ಮಲಬದ್ಧತೆ ಇದ್ದವರಲ್ಲಿ ಉದ್ದವಾದ ಕರುಳಿನ ತುಂಡನ್ನು ತೆಗೆಯುವುದೂ ಉಂಟು.

ಇಳಿವಯಸ್ಸಿನ, ಅಶಕ್ತ ರೋಗಿಗಳಿಗೆ ಗುದದ್ವಾರದ ಮೂಲಕವೇ ಶಸ್ತ್ರಚಿಕಿತ್ಸೆ ಸಾಧ್ಯ. ಡೆಲೋರ್ಮ್ ವಿಧಾನದಲ್ಲಿ ಒಳಪದರವನ್ನು ಬಿಡಿಸಿ ತೆಗೆದು, ಸ್ನಾಯುಪದರವನ್ನು ಮಡಚಿ ಹೊಲಿಯುತ್ತಾರೆ. ಆಲ್ಟಿಮಿಯರ್ ವಿಧಾನದಲ್ಲಿ ಹೊರಬಂದ ಕರುಳನ್ನೇ ಕತ್ತರಿಸಿ, ಉಳಿದ ತುದಿಗಳನ್ನು ಕೂಡಿಸುತ್ತಾರೆ. ಬೆನ್ನಿಗೆ ಅರಿವಳಿಕೆ ಕೊಟ್ಟು ಇವನ್ನು ಮಾಡಬಹುದು. ಆದರೆ ನಾಳ ಮತ್ತೆ ಜಾರುವ ಸಾಧ್ಯತೆ ಸಾಮಾನ್ಯವಾಗಿ ಇವುಗಳಲ್ಲೇ ಹೆಚ್ಚು.

4. ಶಸ್ತ್ರಚಿಕಿತ್ಸೆಯ ಆಮೇಲಿನ ಆರೈಕೆ
ಮಲ ಗಟ್ಟಿಯಾಗದಂತೆ ಸಾಕಷ್ಟು ನೀರು, ಸೊಪ್ಪು, ಹಣ್ಣು, ವೈದ್ಯರು ಹೇಳಿದರೆ ಇಸಬ್‌ಗೋಲ್ ಸೇವಿಸಬೇಕು. ಕಕ್ಕಸಿನಲ್ಲಿ ತಿಣುಕಬಾರದು. ಸುಮಾರು 6 ವಾರ ತುಂಬಿದ ಕೊಡ, ಮೂಟೆ ಎತ್ತುವಂತಿಲ್ಲ. ಮಲದ ಮೇಲಿನ ಹಿಡಿತ ಮರಳಲು ತಿಂಗಳುಗಳೇ ಬೇಕಾಗಬಹುದು. ಎಲ್ಲರಿಗೂ ಪೂರ್ತಿ ಮರಳುವುದಿಲ್ಲ.

5. ತುರ್ತು ಸಂದರ್ಭ
ಹೊರಬಂದ ಭಾಗ ಒಳಹೋಗದಿದ್ದರೆ, ಕಪ್ಪಾಗುತ್ತಿದ್ದರೆ ಅಥವಾ ತೀವ್ರವಾಗಿ ನೋಯುತ್ತಿದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಅಂಗಾಂಶ ಇನ್ನೂ ಜೀವಂತವಾಗಿದ್ದರೆ ವೈದ್ಯರು ಅದರ ಮೇಲೆ ಸಕ್ಕರೆ ಉದುರಿಸಿ, ಬಾವು ಇಳಿಸಿ ಒಳಸೇರಿಸುವುದುಂಟು. ರಕ್ತಸಂಚಾರ ನಿಂತಿದ್ದರೆ ಕೂಡಲೇ ಶಸ್ತ್ರಚಿಕಿತ್ಸೆ ಬೇಕು.

ನಾಳ ಪದೇ ಪದೇ ಜಾರಿದಷ್ಟೂ ಗುದದ ಸ್ನಾಯು ಹಿಗ್ಗಿ ದುರ್ಬಲವಾಗುತ್ತದೆ. ಆದ್ದರಿಂದ ನಾಚಿಕೆಯಿಂದ ಮುಚ್ಚಿಡದೆ, ಮೊದಲ ಸಲ ಕಂಡಾಗಲೇ ವೈದ್ಯರಿಗೆ ತೋರಿಸಬೇಕು.