ಪರದೇಶದಲ್ಲಿ ವಿಶೇಷ ಮಕ್ಕಳ ಸೇವೆ: ಹೊರಡುವುದಕ್ಕೆ ಮುಂಚೆ ಕಲಿಯತಕ್ಕ ಪಾಠ

ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಕೆಲವರು ಈಗೀಗ ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಕೇಳುವುದುಂಟು. ಒಂದು ವರ್ಷದ ಮಟ್ಟಿಗೆ ಜರ್ಮನಿಗೋ ಸ್ಕಾಟ್ಲೆಂಡಿಗೋ ಹೋಗಿ, ಅಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳೊಂದಿಗೆ ವಾಸವಾಗಿದ್ದು, ಸಂಬಳವಿಲ್ಲದೆ ಅವರ ಶುಶ್ರೂಷೆ ಮಾಡಬೇಕೆಂದಿದ್ದೇವೆ, ತಮ್ಮ ಅಭಿಪ್ರಾಯವೇನು ಎಂಬುದೇ ಆ ಪ್ರಶ್ನೆ. ಅವರ ತಾಯಿತಂದೆಗಳೂ ಇದನ್ನೇ ಕೇಳುತ್ತಾರೆ, ಆದರೆ ಕಳವಳದ ಧ್ವನಿಯಲ್ಲಿ ಕೇಳುತ್ತಾರೆ. ಇಬ್ಬರಿಗೂ ಉಪಯೋಗವಾಗುವಂತೆ ನಮಗೆ ತಿಳಿದ ಸಂಗತಿಗಳನ್ನು ಇಲ್ಲಿ ಒಂದು ಪಾಠದ ಕ್ರಮದಲ್ಲಿ ಬರೆದಿದ್ದೇವೆ.

ಈ ವಿಷಯವನ್ನು ಸಾಧಾರಣವಾಗಿ ಎಲ್ಲರೂ ಹೊರಡುವವಳ ಕಡೆಯಿಂದಲೇ ನೋಡುತ್ತಾರೆ. ಅವಳಿಗೆ ಧೈರ್ಯ ಬರುವುದೇ, ಪರಭಾಷೆ ಬರುವುದೇ, ಮುಂದಿನ ವಿದ್ಯಾಭ್ಯಾಸಕ್ಕೆ ಅನುಕೂಲವಾಗುವುದೇ ಎಂದು ವಿಚಾರಿಸುತ್ತಾರೆ. ಹಾಗೆ ವಿಚಾರಿಸುವುದು ತಪ್ಪಲ್ಲ. ಆದರೆ ಎಲ್ಲಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ ಬೇರೊಂದಿದೆ: ಆಕೆ ಹಿಂದಿರುಗಿ ಬಂದ ಮರುದಿನ ಅಲ್ಲಿಯ ಮಗುವಿನ ಗತಿ ಏನು? ಈ ಪ್ರಶ್ನೆಗೆ ಒಳ್ಳೆಯ ಉತ್ತರವಿದ್ದರೆ ಹೋಗಬಹುದು; ಇಲ್ಲದಿದ್ದರೆ ಹೋಗಲಾಗದು. ಈ ಪಾಠದ ಸಾರವೆಲ್ಲ ಇಷ್ಟೇ.

ಈ ಸೇವೆಯು ಹುಟ್ಟಿದ ಬಗೆ

ವಿಯೆನ್ನಾ ಪಟ್ಟಣದಲ್ಲಿ ಕಾರ್ಲ್ ಕೋನಿಗ್ ಎಂಬ ಮಕ್ಕಳ ವೈದ್ಯರಿದ್ದರು. ಅವರು ಯೆಹೂದ್ಯ ವಂಶದವರು. 1938ರಲ್ಲಿ ನಾಜಿಗಳು ಆಸ್ಟ್ರಿಯಾ ದೇಶವನ್ನು ವಶಪಡಿಸಿಕೊಂಡಾಗ ಅವರು ಸ್ವದೇಶವನ್ನು ಬಿಡಬೇಕಾಯಿತು. ಅವರೂ ಅವರ ಸಂಗಡಿಗರೂ ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದ ಬಳಿ ಆಶ್ರಯ ಪಡೆದು, ಬುದ್ಧಿಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ತಮ್ಮ ಮನೆಯಲ್ಲಿಯೇ ಇಟ್ಟುಕೊಂಡು ಸಾಕತೊಡಗಿದರು. 1940ರಲ್ಲಿ ಕ್ಯಾಂಪ್‌ಹಿಲ್ ಎಂಬ ದೊಡ್ಡ ಮನೆಗೆ ಹೋಗಬೇಕಾದ ಸಮಯಕ್ಕೆ ಸರಿಯಾಗಿ, ಶತ್ರುದೇಶದಿಂದ ಬಂದವರೆಂಬ ಕಾರಣದಿಂದ ಗಂಡಸರನ್ನು ಸರಕಾರವು ಬಂಧನದಲ್ಲಿರಿಸಿತು. ಸಾಮಾನು ಸಾಗಿಸಿ, ಒಲೆ ಹೊತ್ತಿಸಿ, ಕೆಲಸವನ್ನು ನಡೆಯಿಸಿದವರು ಹೆಂಗಸರು. ಅದೇ ವರ್ಷಗಳಲ್ಲಿ ಜರ್ಮನಿಯ ಅಂದಿನ ಆಳಿಕೆಯು ಇಂಥ ಮಕ್ಕಳನ್ನೂ ದೊಡ್ಡವರನ್ನೂ ಬದುಕಲು ಅಯೋಗ್ಯರೆಂದು ಗುಟ್ಟಾಗಿ ಕೊಲ್ಲಿಸುತ್ತಿತ್ತೆಂಬುದನ್ನು ನೆನೆದರೆ, ನಿರಾಶ್ರಿತರು ನಡೆಯಿಸಿದ ಆ ಚಿಕ್ಕ ಮನೆಯ ಬೆಲೆ ತಿಳಿಯುತ್ತದೆ. ಈಗ ಅದೇ ಹೆಸರಿನ ಮನೆಗಳು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿವೆ. ಆ ಮನೆಗಳಿಗೆ ವರ್ಷದ ಅವಧಿಗೆ ಬರುವ ತರುಣರಿಗೆ ಊಟ, ವಸತಿ, ಕೈಖರ್ಚು ಮಾತ್ರ ದೊರೆಯುತ್ತದೆ.

ನಮ್ಮ ಹುಡುಗಿಯರು ಇವುಗಳನ್ನು ದೂರದ ಸಂಗತಿಗಳೆಂದು ಎಣಿಸಬಾರದು. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಂದ ಬಹು ದೂರವಲ್ಲದ ಬನ್ನೇರುಘಟ್ಟ ರಸ್ತೆಯ ಮೇಲೆಯೇ ಇಂಥ ಮನೆಗಳುಂಟು. ಕ್ಯಾಂಪ್‌ಹಿಲ್ ಪದ್ಧತಿಯ ಒಂದು ವಸತಿ ಆ ಕಡೆ ಇದೆ. ಫ್ರಾನ್ಸ್ ದೇಶದಲ್ಲಿ ಜಾನ್ ವಾನಿಯೇ ಎಂಬವರು 1964ರಲ್ಲಿ ಆರಂಭಿಸಿದ ಲಾರ್ಶ್ ಸಂಸ್ಥೆಯ ಮೊದಲನೆಯ ಭಾರತೀಯ ಗೃಹವಾದ ಆಶಾನಿಕೇತನವು 1970ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು; ಅದು ಇರುವುದೂ ಆ ರಸ್ತೆಯಲ್ಲಿಯೇ. ಅಲ್ಲಿ ವಾಸಿಸುವವರು ವಯಸ್ಸಿಗೆ ಬಂದವರಾದರೂ ಕಲಿಯತಕ್ಕ ಪಾಠ ಒಂದೇ. ಜರ್ಮನ್ ಸರಕಾರದ ಒಂದು ಯೋಜನೆಯ ಮೂಲಕ 2008ರಿಂದ ಆ ದೇಶದ ತರುಣರು ಭಾರತವೇ ಮೊದಲಾದ ದೇಶಗಳಿಗೆ ಸೇವೆಗೆ ಬರುತ್ತಿದ್ದಾರೆ. 2013ರ ತರುವಾಯ ಇಲ್ಲಿಯವರು ಅಲ್ಲಿಗೆ ಹೋಗುವುದಕ್ಕೂ ದಾರಿ ತೆರೆಯಿತು. ಹೀಗೆ ಹೋಗುವವರೂ ಬರುವವರೂ ಒಂದೇ ರಸ್ತೆಯಲ್ಲಿ ಎದುರಾಗುತ್ತಾರೆ.

ಮಗುವಿಗೆ ಆಗುವ ನಷ್ಟ

1989ರಲ್ಲಿ ರುಮೇನಿಯಾ ದೇಶದ ದುರಾಡಳಿತವು ಮುರಿದುಬಿದ್ದಾಗ, ಅಲ್ಲಿಯ ಸರಕಾರಿ ಅನಾಥಾಲಯಗಳಲ್ಲಿ ಸಾವಿರಾರು ಮಕ್ಕಳು ಇದ್ದದ್ದು ಲೋಕಕ್ಕೆ ತಿಳಿಯಿತು. ಆ ಮಕ್ಕಳಿಗೆ ಹೊಟ್ಟೆಗೆ ಹಿಟ್ಟಿದ್ದರೂ ತಮ್ಮವರೆಂಬವರು ಯಾರೂ ಇರಲಿಲ್ಲ. ದಾದಿಯರು ಸರದಿಯ ಮೇಲೆ ಬದಲಾಗುತ್ತಿದ್ದರು. 2000ದಲ್ಲಿ ಅಮೆರಿಕದ ಕೆಲವು ಪಂಡಿತರು ಬುಕಾರೆಸ್ಟ್ ಪಟ್ಟಣದ ಆರು ಆಲಯಗಳ 136 ಎಳೆಯ ಮಕ್ಕಳನ್ನು ಕುರಿತು ಅಧ್ಯಯನ ಆರಂಭಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಸೇರಿಸಲಾಯಿತು. ಒಬ್ಬ ಸಾಕುತಾಯಿಯ ಕೈಯಲ್ಲಿ ಬೆಳೆದ ಮಕ್ಕಳು ಬುದ್ಧಿಯಲ್ಲಿಯೂ ಮಮತೆಯ ಬೆಳವಣಿಗೆಯಲ್ಲಿಯೂ ಆಲಯದಲ್ಲಿ ಉಳಿದವರಿಗಿಂತ ಮುಂದೆ ಬಂದರು. ಎರಡು ವರ್ಷ ತುಂಬುವುದರೊಳಗೆ ಹಾಗೆ ಹೋದವರು ಇನ್ನೂ ಚೆನ್ನಾಗಿ ಚೇತರಿಸಿಕೊಂಡರು.

ಇದರಿಂದ ಗ್ರಹಿಸಬೇಕಾದುದೇನು? ಮಗುವಿಗೆ ಪ್ರೀತಿ ಬೇಕು ಎಂಬುದಷ್ಟೇ ಅಲ್ಲ. ಅದು ಅದೇ ಮುಖದಿಂದ, ಅದೇ ಕೈಯಿಂದ, ದಿನದಿನವೂ ಬರಬೇಕು. ಎರಡು ವಾರಕ್ಕೆಂದು ಬಂದವಳು ಮಗುವನ್ನು ಎತ್ತಿ ಮುದ್ದಾಡಿ, ಅದು ತನ್ನ ಕೊರಳನ್ನು ಅಪ್ಪುವ ಹೊತ್ತಿಗೆ ಹೊರಟುಬಿಟ್ಟರೆ, ಅವಳ ಹಿಂದೆ ಮತ್ತೊಬ್ಬಳು ಬಂದು ಹಾಗೆಯೇ ಹೋದರೆ, ಮಗುವು ಕಲಿಯುವ ಪಾಠ ಯಾವುದು? ನಾನು ಯಾರನ್ನು ನಂಬುತ್ತೇನೋ ಅವರು ಹೋಗಿಬಿಡುತ್ತಾರೆ ಎಂಬುದೇ. ಮಾತು ಬಾರದ ಮಗುವು ಅದನ್ನು ಬಾಯಿಬಿಟ್ಟು ಹೇಳಲಾರದು. ಊಟ ಬಿಡುತ್ತದೆ, ಕೈ ಕಚ್ಚಿಕೊಳ್ಳುತ್ತದೆ. ನೋಡಿದವರು ಅದನ್ನು ರೋಗದ ಲಕ್ಷಣವೆನ್ನುತ್ತಾರೆ.

ಇದಕ್ಕಿಂತಲೂ ಕೆಟ್ಟದ್ದು ಉಂಟು. ಕೆಲವು ದೇಶಗಳಲ್ಲಿ ಪರದೇಶದ ಸೇವಕರು ತರುವ ಹಣದ ಆಸೆಗೆ, ತಾಯಿತಂದೆಗಳುಳ್ಳ ಮಕ್ಕಳನ್ನೂ ಅನಾಥರೆಂದು ಹೇಳಿ ಆಲಯಗಳಲ್ಲಿ ತುಂಬಿದ್ದುಂಟು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಅನಾಥಾಲಯಗಳಲ್ಲಿನ ಇಂಥ ಸ್ವಯಂಸೇವೆಯಿಂದಾಗುವ ಹಾನಿಯನ್ನು ತಡೆಯಬೇಕೆಂದು ತನ್ನ ನಿರ್ಣಯದಲ್ಲಿ ಹೇಳಿತು. ಆದಕಾರಣ ಯಾವ ಸಂಸ್ಥೆಯು ಹಣವನ್ನು ತೆಗೆದುಕೊಂಡು, ಎರಡು ಮೂರು ವಾರಗಳಿಗೆಂದು, ಯಾವ ವಿಚಾರಣೆಯೂ ಇಲ್ಲದೆ ಹುಡುಗಿಯರನ್ನು ಮಕ್ಕಳ ನಡುವೆ ಬಿಡುತ್ತದೆಯೋ, ಅದರ ಬಾಗಿಲನ್ನು ತುಳಿಯಬಾರದೆಂದೇ ನಾವು ಹೇಳುತ್ತೇವೆ.

ಕೈಗೆ ಬರಬೇಕಾದ ವಿದ್ಯೆ

ಒಳ್ಳೆಯ ಮನಸ್ಸು ಇದ್ದರೆ ಸಾಕೆಂಬ ಮಾತು ಕೇಳಲು ಇಂಪಾಗಿದೆ. ಮಗುವಿನ ಪಕ್ಕದಲ್ಲಿ ನಿಂತಾಗ ಅದು ಸಾಲದು. ಮೂರು ಉದಾಹರಣೆಗಳನ್ನು ಕೊಡುತ್ತೇವೆ.

ಮೊದಲನೆಯದು, ಊಟ. ಮೆದುಳಿನ ಪಾರ್ಶ್ವವಾಯುವುಳ್ಳ ಮಗುವಿಗೆ ಉಣಿಸುವಾಗ ಅದನ್ನು ಮಲಗಿಸಿಯಾಗಲಿ ತಲೆಯನ್ನು ಹಿಂದಕ್ಕೆ ಬಾಗಿಸಿಯಾಗಲಿ ಉಣಿಸಕೂಡದು. ನೆಟ್ಟಗೆ ಕೂರಿಸಿ, ಬೆನ್ನಿಗೂ ಪಾದಗಳಿಗೂ ಆಸರೆ ಕೊಟ್ಟು, ಗಲ್ಲವು ಸ್ವಲ್ಪ ಕೆಳಗಿರುವಂತೆ ನೋಡಿಕೊಂಡು, ಮಗುವಿನ ಎದುರಿಗೆ ಅದರ ಕಣ್ಣಿನ ಮಟ್ಟದಲ್ಲಿ ಕುಳಿತು, ಚಿಕ್ಕ ಚಮಚದಿಂದ ಸ್ವಲ್ಪಸ್ವಲ್ಪವೇ ಕೊಡಬೇಕು. ಒಂದು ತುತ್ತು ನುಂಗಿದ ಮೇಲೆಯೇ ಮತ್ತೊಂದು. ಅವಸರಪಟ್ಟರೆ ಅನ್ನವು ಶ್ವಾಸನಾಳಕ್ಕೆ ಹೋಗಿ ಪ್ರಾಣಕ್ಕೇ ಅಪಾಯ.

ಎರಡನೆಯದು, ಮೂರ್ಛೆರೋಗ. ಸೆಳವು ಬಂದಾಗ ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು. ಕೈಗೆ ಬೀಗದ ಕೈ ಕೊಡುವುದರಿಂದ ಏನೂ ಆಗದು. ತಲೆಯ ಕೆಳಗೆ ಮೆತ್ತನೆಯದನ್ನಿಟ್ಟು, ಸೆಳವು ನಿಂತೊಡನೆ ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ಮೀರಿದರೆ ತಡಮಾಡದೆ ಆಂಬುಲೆನ್ಸ್ ಕರೆಯಿಸಬೇಕು.

ಮೂರನೆಯದು, ಅಗಲುವ ಕ್ರಮ. ಆಟಿಸಂ ಉಳ್ಳ ಮಗುವಿಗೆ ದಿನಚರಿಯ ಬದಲಾವಣೆಯೇ ದೊಡ್ಡ ಭಯ. ಆದುದರಿಂದ ಹೊರಡುವ ದಿನವನ್ನು ಬಚ್ಚಿಡಕೂಡದು. ಕೆಲವು ವಾರಗಳ ಮುಂಚಿನಿಂದಲೇ ಚಿತ್ರಗಳಿರುವ ಕ್ಯಾಲೆಂಡರಿನಲ್ಲಿ ದಿನಗಳನ್ನು ಗುರುತುಮಾಡಿ ತೋರಿಸಬೇಕು. ತನ್ನ ಬದಲಿಗೆ ಬರುವವರ ಮುಖವನ್ನು ಪರಿಚಯ ಮಾಡಿಸಬೇಕು. ಅವರೊಡನೆ ಕೂಡಿ ಕೆಲವು ದಿನ ಕೆಲಸ ಮಾಡಿದ ಮೇಲೆಯೇ ಹೊರಡಬೇಕು. ಚೆನ್ನಾಗಿ ಬರುವುದಕ್ಕಿಂತ ಚೆನ್ನಾಗಿ ಹೋಗುವುದು ಕಷ್ಟ.

ಇವುಗಳನ್ನು ಪುಸ್ತಕದಿಂದ ಮಾತ್ರ ಕಲಿಯಲಾಗದು. ಅಲ್ಲದೆ, ಭಾರತದಲ್ಲಿ 1992ರ ಪುನರ್ವಸತಿ ಮಂಡಲಿಯ ಕಾಯಿದೆಯ ಪ್ರಕಾರ, ವಿಶೇಷ ಶಿಕ್ಷಕರೇ ಮೊದಲಾದವರು ತರಬೇತಿ ಹೊಂದಿ ಹೆಸರನ್ನು ನೋಂದಾಯಿಸಿಕೊಂಡಿರಬೇಕು. ಇಲ್ಲಿ ನಮಗೆ ಅಧಿಕಾರವಿಲ್ಲದ ಚಿಕಿತ್ಸೆಯನ್ನು ಬೇರೆ ದೇಶದ ಮಗುವಿನ ಮೇಲೆ ಪ್ರಯೋಗಿಸುವುದು ಸೇವೆಯಲ್ಲ. ಸ್ವಯಂಸೇವಕಿಯ ಸ್ಥಾನವು ಬಲ್ಲವರ ಕೈಕೆಳಗಿನ ಸ್ಥಾನವೆಂದು ತಿಳಿದಿರಬೇಕು.

ಆದುದರಿಂದ ಮೊದಲು ಇಲ್ಲಿಯೇ ಆರು ತಿಂಗಳಾದರೂ ವಾರವಾರವೂ ತಪ್ಪದೆ ದುಡಿದು ನೋಡಿರಿ. ಬನ್ನೇರುಘಟ್ಟ ರಸ್ತೆಯ ಮನೆಗಳನ್ನು ಹೇಳಿದೆವು; 1969ರಲ್ಲಿ ಸ್ಥಾಪಿತವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿಯು ಜೆ.ಪಿ. ನಗರದಲ್ಲಿಯೇ ಇದೆ. ನೆರೆಮನೆಯ ಮಗುವನ್ನು ಒಂದು ಸಂಜೆ ನೋಡಿಕೊಂಡು ದಣಿದ ಆ ತಾಯಿಗೆ ಎರಡು ಗಂಟೆ ಬಿಡುವು ಮಾಡಿಕೊಡುವುದೂ ಸೇವೆಯೇ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆಯು ನಮ್ಮ ವಿದ್ಯಾರ್ಥಿನಿಯರಿಗೆ ಅನ್ವಯಿಸಬಾರದು.

ತಾಯಿತಂದೆಗಳಿಗೆ ಕೆಲವು ಮಾತುಗಳು

ಮಗಳು ಹೋಗುವ ಸ್ಥಳದ ವಿಷಯವಾಗಿ ಸಂಸ್ಥೆಗೆ ಬರೆದು ಕೇಳಲು ಸಂಕೋಚಪಡಬೇಡಿರಿ. ಪೊಲೀಸ್ ಪ್ರಮಾಣಪತ್ರವನ್ನು ಅವರು ಕೇಳಿದರೆ ಅವಮಾನವೆಂದು ಎಣಿಸದೆ ಸಂತೋಷಪಡಿರಿ. ಮಕ್ಕಳನ್ನು ಕಾಯುವ ಸಂಸ್ಥೆಯು ಹಾಗೆಯೇ ಕೇಳತಕ್ಕದ್ದು. ಬ್ರಿಟನ್ನಿನ ಧರ್ಮಾರ್ಥ ಸೇವೆಯ ವೀಸಾವು ಹನ್ನೆರಡು ತಿಂಗಳಿಗೆ ಮೀರಿದ್ದಲ್ಲ; ಸಂಬಳದ ಕಾಯಂ ಕೆಲಸಕ್ಕೆ ಅದು ಬಾಗಿಲಲ್ಲ. ಹಾಗೆಂದು ಯಾರಾದರೂ ಆಸೆ ತೋರಿಸಿ ಹಣ ಕೇಳಿದರೆ ನಂಬಬೇಡಿರಿ. ಜರ್ಮನಿಯ ಸ್ವಯಂಸೇವಾ ವರ್ಷದಲ್ಲಿ ತರುಣರಿಗೆ ಸೇವೆಯೊಂದಿಗೆ 25 ದಿನಗಳ ಪಾಠವೂ ನಿಯಮಿತವಾಗಿದೆ. ಅಲ್ಲಿಯ ಭಾಷೆಯನ್ನು ಇಲ್ಲಿಯೇ ಕಲಿತು ಹೋಗುವುದು ಮೇಲು.

ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. ಮೇಲೆ ಹೇಳಿದ ವಾನಿಯೇಯವರನ್ನು ಲೋಕವೆಲ್ಲ ಸಾಧುವೆಂದು ಕೊಂಡಾಡಿತ್ತು. ಅವರು 2019ರಲ್ಲಿ ತೀರಿಹೋದ ತರುವಾಯ, ಲಾರ್ಶ್ ಸಂಸ್ಥೆಯು ತಾನೇ ಮಾಡಿಸಿದ ವಿಚಾರಣೆಯ ವರದಿಯು 2020ರಲ್ಲಿ ಪ್ರಕಟವಾಯಿತು. ಆತ್ಮಿಕ ಮಾರ್ಗದರ್ಶನದ ನೆವದಿಂದ ಅವರು ಆರು ಮಂದಿ ಸ್ತ್ರೀಯರನ್ನು ದುರುಪಯೋಗಪಡಿಸಿಕೊಂಡಿದ್ದರೆಂದು ಅದರಿಂದ ತಿಳಿಯಿತು. 2023ರ ವರದಿಯು ಅಂಥವರ ಸಂಖ್ಯೆ ಕನಿಷ್ಠ 25 ಎಂದಿತು. ಅವರು ಅಂಗವಿಕಲರಲ್ಲ, ಸೇವೆಗೆಂದು ಬಂದ ಸಹಾಯಕಿಯರೂ ಅವರಲ್ಲಿದ್ದರು. ಆ ಮನೆಗಳಲ್ಲಿ ನಡೆದ ಪ್ರೀತಿಯ ಕೆಲಸವು ಇದರಿಂದ ಸುಳ್ಳಾಗಲಿಲ್ಲ; ಸತ್ಯವನ್ನು ಮುಚ್ಚದೆ ಹೇಳಿದ್ದು ಸಂಸ್ಥೆಗೆ ಗೌರವವೇ. ಆದರೆ ಯಾರ ಹೆಸರು ಎಷ್ಟು ದೊಡ್ಡದಾದರೂ ವಿಚಾರಿಸುವುದನ್ನು ಬಿಡಬಾರದೆಂದು ಇದರಿಂದ ಕಲಿಯಬೇಕು. ತೊಂದರೆಯಾದರೆ ಯಾರಿಗೆ ಹೇಳಬೇಕು, ಹಿಂದಿರುಗುವ ಟಿಕೆಟ್ಟು ಯಾರ ಕೈಯಲ್ಲಿದೆ, ಪಾಸ್‌ಪೋರ್ಟು ಅವಳ ಬಳಿಯೇ ಇರುತ್ತದೆಯೇ, ಇವುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ. ಮಗಳಿಗೆ ಸಹನೆಯನ್ನು ಕಲಿಸಿದಂತೆಯೇ ‘ಆಗದು’ ಎನ್ನುವುದನ್ನೂ ಕಲಿಸಿ ಕಳುಹಿಸಿರಿ.

ಹೀಗೆಲ್ಲ ಬರೆದದ್ದು ಯಾರನ್ನೂ ತಡೆಯುವುದಕ್ಕಲ್ಲ. ಸಿದ್ಧತೆಯಿಂದ ಹೋಗಿ, ವರ್ಷವಿಡೀ ನಿಂತು, ಕ್ರಮವಾಗಿ ಬೀಳ್ಕೊಂಡು ಬಂದ ಹುಡುಗಿಯು ಮಾತಿಲ್ಲದವರ ಮಾತನ್ನು ತಿಳಿಯಲು ಕಲಿತಿರುತ್ತಾಳೆ. ಅಂಥ ಕಣ್ಣುಗಳು ನಮ್ಮ ಊರಿಗೂ ಬೇಕಾಗಿವೆ. 2016ರ ಕಾಯಿದೆಯು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿ, ಆ ಮಕ್ಕಳಿಗೆ ಎಲ್ಲರೊಡನೆ ಕಲಿಯುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕನ್ನು ತರಗತಿಯ ಬೆಂಚಿನವರೆಗೆ ತರತಕ್ಕ ಕೈಗಳು ಇನ್ನೂ ಕಡಮೆ. ಹೋಗಿ ಬಂದವಳು ಬನಶಂಕರಿಯ ಒಂದು ಶಾಲೆಯಲ್ಲಿ ಅಂಥ ಒಂದು ಮಗುವಿನ ಪಕ್ಕದಲ್ಲಿ ಕುಳಿತರೆ, ಅವಳ ಪ್ರಯಾಣದ ಖರ್ಚು ಸಾರ್ಥಕವಾಯಿತೆಂದು ನಾವು ಎಣಿಸುವೆವು.